ಬರಗೂರಿನಿಂದ ಕಂಡ ವಿಶ್ವವಿದ್ಯಾಲಯ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಉನ್ನತ ಶಿಕ್ಷಣದ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

1. ವಿಷಯ, ವ್ಯಾಪ್ತಿ

ವಿಶ್ವವಿದ್ಯಾಲಯಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆಡಳಿತ ಕಟ್ಟಡದಿಂದ ಹೊರಡುತ್ತಾರೆ. ಕಾಯ್ದೆ ಬಂದ ವರ್ಷ, ಮೊದಲ ಕುಲಪತಿ, ವಿಭಾಗಗಳು ತೆರೆದ ಕ್ರಮ, ಘಟಿಕೋತ್ಸವಕ್ಕೆ ಬಂದ ಗಣ್ಯರು, ಆವರಣದ ಎಕರೆ ಲೆಕ್ಕ ಇವಿಷ್ಟು ಸೇರಿದರೆ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಸಿದ್ಧ. ವ್ಯಾಪ್ತಿಯ ಅಂಚಿನಲ್ಲಿರುವ ಊರುಗಳಿಗೆ ಅಂಥ ಸಂಚಿಕೆಯಲ್ಲಿ ಸಿಗುವ ಜಾಗ, ಸಂಯೋಜಿತ ಕಾಲೇಜುಗಳ ಪಟ್ಟಿಯ ಒಂದು ಸಾಲು ಮಾತ್ರ. ಪ್ರಸ್ತುತ ಟಿಪ್ಪಣಿ ಆ ಒಂದು ಸಾಲಿನ ಕಡೆಯಿಂದ ನೋಡುವ ಪ್ರಯತ್ನ.

ನೋಡಲು ಆರಿಸಿಕೊಂಡಿರುವ ಜಾಗ ಶಿರಾ ತಾಲ್ಲೂಕಿನ ಬರಗೂರು ಮತ್ತು ಅದರ ಸುತ್ತಲಿನ ಸೀಮೆ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕನ್ನು ಸೇರಿಸಿ ಶಿಕ್ಷಣ ಇಲಾಖೆ 'ಮಧುಗಿರಿ ಶೈಕ್ಷಣಿಕ ಜಿಲ್ಲೆ' ಎಂದು ಬೇರೆಯಾಗಿ ನಡೆಸುತ್ತದೆ. ಕಂದಾಯಕ್ಕೆ ತುಮಕೂರು, ಶಾಲೆಗೆ ಮಧುಗಿರಿ. ಆದರೆ ಶಾಲೆ ಮುಗಿಸಿದ ಮೇಲೆ ಪದವಿಗೆ ಮತ್ತೆ ತುಮಕೂರಿನ ಕಡೆಗೇ ತಿರುಗಬೇಕು. ಉತ್ತರದ ಈ ತಾಲ್ಲೂಕುಗಳು ಆಡಳಿತದ ದೃಷ್ಟಿಯಲ್ಲಿ ಒಂದು ಘಟಕವಾಗಿದ್ದೂ ಉನ್ನತ ಶಿಕ್ಷಣದ ಮಟ್ಟಿಗೆ ಬಹುಕಾಲ ಇನ್ನೊಂದು ಊರಿನ ಅಂಚಾಗಿಯೇ ಇದ್ದವು.

ಇಲ್ಲಿ ಮಂಡಿಸುವ ವಾದ ಇದು. ಒಂದು ಶತಮಾನದ ಅವಧಿಯಲ್ಲಿ ಈ ಸೀಮೆಗೆ ವಿಶ್ವವಿದ್ಯಾಲಯ ಮೂರು ಹಂತಗಳಲ್ಲಿ ಹತ್ತಿರ ಬಂತು: ಮೊದಲು ಮೈಸೂರು, ಆಮೇಲೆ ಬೆಂಗಳೂರು, ಕೊನೆಗೆ ತುಮಕೂರು. ಹತ್ತಿರ ಬಂದಂತೆಲ್ಲ ಯಾರು ಓದುತ್ತಾರೆ ಎಂಬುದು ಬೇಗ ಬದಲಾಯಿತು. ಏನನ್ನು ಓದಬಹುದು ಎಂಬುದು ಅದೇ ವೇಗದಲ್ಲಿ ಬದಲಾಗಲಿಲ್ಲ. ಈ ಎರಡರ ನಡುವಿನ ಅಂತರವನ್ನು ಕಾಣಬೇಕಾದರೆ ಕಾಯ್ದೆಗಳ ಜೊತೆಗೆ ಹಾಸ್ಟೆಲ್ಲನ್ನೂ ಬಸ್ಸನ್ನೂ ಚರಿತ್ರೆಯ ಆಕರಗಳೆಂದು ಪರಿಗಣಿಸಬೇಕಾಗುತ್ತದೆ.

2. ಮೈಸೂರಿನ ಕಾಲ

ಮೈಸೂರು ವಿಶ್ವವಿದ್ಯಾಲಯ ಆರಂಭವಾದದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅದರ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ, ಆಗಿನ ದಿವಾನರು ಎಂ. ವಿಶ್ವೇಶ್ವರಯ್ಯ. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯವೆಂಬ ಹಿರಿಮೆ ಅದರದು. ಅದಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು ಎರಡೂ ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1916ರ ನಂತರವೂ ಮೈಸೂರು ವಿಶ್ವವಿದ್ಯಾಲಯವೆಂದರೆ ಮುಖ್ಯವಾಗಿ ಈ ಎರಡು ಊರುಗಳ ಕಾಲೇಜುಗಳೇ. ತುಮಕೂರು ಜಿಲ್ಲೆಯ ಹುಡುಗ ಹೈಸ್ಕೂಲು ಮುಗಿಸಿದರೆ ಮುಂದಿನ ಓದಿಗೆ ಊರು ಬಿಡಲೇಬೇಕಾಗಿತ್ತು.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ವಿದ್ಯಾರ್ಥಿ ಜೀವನ ಇದಕ್ಕೊಂದು ನಿದರ್ಶನ. ಮಾಗಡಿ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಅವರು ನಾಗವಲ್ಲಿಯಲ್ಲಿ ಓದಿ, ತುಮಕೂರಿನ ಸರ್ಕಾರಿ ಹೈಸ್ಕೂಲಿನಿಂದ 1926ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿದರು. ಮುಂದಿನ ಓದಿಗೆ ಹೋದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಜಿಲ್ಲಾ ಕೇಂದ್ರದಲ್ಲಿದ್ದವರಿಗೇ ಈ ಸ್ಥಿತಿಯಾದರೆ ಪಾವಗಡದ, ಬರಗೂರಿನ ಮಾತು ಹೇಳಬೇಕಾಗಿಲ್ಲ.

ಆ ಕಾಲದಲ್ಲಿ ಜಿಲ್ಲೆಯಿಂದ ವಿಶ್ವವಿದ್ಯಾಲಯದ ಮಟ್ಟಕ್ಕೇರಿ ಕನ್ನಡಕ್ಕೆ ಹೆಸರಾದವರ ಊರುಗಳನ್ನು ಗಮನಿಸಬಹುದು. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ ಸಂಪಿಗೆ ತುರುವೇಕೆರೆ ತಾಲ್ಲೂಕಿನದು. ತೀ.ನಂ. ಶ್ರೀಕಂಠಯ್ಯನವರ ತೀರ್ಥಪುರ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತ ಕನ್ನಡದಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪನವರ ಬೆಳ್ಳಾವಿ ತುಮಕೂರು ತಾಲ್ಲೂಕಿನದು. ಮೂವರದೂ ಜಿಲ್ಲೆಯ ಮಧ್ಯ, ದಕ್ಷಿಣ, ಪಶ್ಚಿಮ ಭಾಗ. ಮೂರು ಹೆಸರುಗಳಿಂದ ನಿಯಮ ಕಟ್ಟಲಾಗದು, ನಿಜ. ಆದರೂ ತೆಂಗು, ಕೆರೆ ನೀರಾವರಿ, ರೈಲು ಇದ್ದ ಸೀಮೆಗೂ ಮಳೆ ನಂಬಿ ಕಡಲೆಕಾಯಿ, ರಾಗಿ ಬೆಳೆಯುವ ಉತ್ತರದ ಸೀಮೆಗೂ ಓದಿನಲ್ಲಿ ಆಗಲೇ ಅಂತರವಿತ್ತೆಂಬ ಊಹೆಗೆ ಅವು ಇಂಬು ಕೊಡುತ್ತವೆ.

ಕಾಲೇಜು ಬರುವ ಮುಂಚೆ ವಿಶ್ವವಿದ್ಯಾಲಯ ಇನ್ನೊಂದು ರೂಪದಲ್ಲಿ ಸಣ್ಣ ಊರುಗಳನ್ನು ತಲುಪಿತ್ತು. 1930ರ ದಶಕದಿಂದ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳು ಅಗ್ಗದ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾಗುತ್ತಿದ್ದವು. ಖಗೋಳ, ಆರೋಗ್ಯ, ಅರ್ಥಶಾಸ್ತ್ರ, ಚರಿತ್ರೆ, ಸಾಹಿತ್ಯ ಯಾವುದೂ ಹೊರಗುಳಿದಿರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದ ಓದುಗನಿಗೆ ಆ ಪುಸ್ತಕವೇ ವಿಶ್ವವಿದ್ಯಾಲಯ. ಪದವಿ ಕೊಡದೆ ತಿಳಿವನ್ನು ಹಂಚಿದ ಈ ಯತ್ನ ಮೂರು ಹಂತಗಳ ಚರಿತ್ರೆಯಲ್ಲಿ ವಿಶಿಷ್ಟವಾದದ್ದು. ಮುಂದೆ ಸಂಸ್ಥೆಗಳು ಹತ್ತಿರ ಬಂದವು, ಪದವಿಯಿಲ್ಲದ ಓದುಗನನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವ ಈ ರೂಢಿ ಮಾತ್ರ ಸಡಿಲವಾಯಿತು.

1940ರ ದಶಕದಲ್ಲಿ ತುಮಕೂರಿನಲ್ಲಿ ಸರ್ಕಾರಿ ಇಂಟರ್‌ಮೀಡಿಯೆಟ್ ಕಾಲೇಜು ನಡೆಯುತ್ತಿತ್ತು. ಅದು ಬೆಳೆದು ಪದವಿ ಕಾಲೇಜಾಯಿತು, ಕಲೆ ಮತ್ತು ವಿಜ್ಞಾನ ಕಾಲೇಜುಗಳಾಗಿ ಕವಲೊಡೆಯಿತು. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರಲ್ಲಿ ಆರಂಭವಾಯಿತು. ಎಂಜಿನಿಯರಿಂಗ್ ಕಾಲೇಜು ಬಂದ ನಾಲ್ಕು ದಶಕಗಳ ನಂತರ ಜಿಲ್ಲೆ ತನ್ನದೇ ವಿಶ್ವವಿದ್ಯಾಲಯ ಕಂಡಿತು ಎಂಬ ಕ್ರಮ ಗಮನಾರ್ಹ. ಉನ್ನತ ಶಿಕ್ಷಣ ಇಲ್ಲಿಗೆ ಸರ್ಕಾರದ ಒಂದೇ ಯೋಜನೆಯಂತೆ ಇಳಿದು ಬರಲಿಲ್ಲ. ಮಠ, ಸಮುದಾಯ ಸಂಸ್ಥೆ, ಸರ್ಕಾರಿ ಇಲಾಖೆ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ತುಂಡುಗಳನ್ನು ಕಟ್ಟಿದವು.

3. ಬೆಂಗಳೂರಿನ ಕಾಲ

ಬೆಂಗಳೂರು ವಿಶ್ವವಿದ್ಯಾಲಯ 1964ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬೇರೆಯಾಯಿತು. ಆರಂಭದಲ್ಲಿ ಅದು ನಗರದ ವಿಶ್ವವಿದ್ಯಾಲಯ. ಸೆಂಟ್ರಲ್ ಕಾಲೇಜು ಮತ್ತು ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು ಅದರ ಎರಡು ಆಧಾರಗಳು. 1970ರ ದಶಕದ ನಡುವಿನಲ್ಲಿ ಬಂದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಮೇಲೆ ಅದು ಸುತ್ತಲಿನ ಜಿಲ್ಲೆಗಳ ಕಾಲೇಜುಗಳಿಗೆ ಸಂಯೋಜನೆ ಕೊಡುವ ಸಂಸ್ಥೆಯಾಯಿತು. ತುಮಕೂರು, ಕೋಲಾರ ಅದರ ವ್ಯಾಪ್ತಿಗೆ ಬಂದವು. ಅಂಕಪಟ್ಟಿಯ ಮೇಲಿನ ಮೊಹರು ಬದಲಾಯಿತು. ಮರುಮೌಲ್ಯಮಾಪನಕ್ಕೆ, ವರ್ಗಾವಣೆಗೆ, ಘಟಿಕೋತ್ಸವ ಪ್ರಮಾಣಪತ್ರಕ್ಕೆ ಪಾವಗಡದ ವಿದ್ಯಾರ್ಥಿ ಹೋಗಬೇಕಾದ ಕಚೇರಿ ಮೈಸೂರಿನಿಂದ ಬೆಂಗಳೂರಿಗೆ ಬಂತು.

ಈ ಅವಧಿಯ ನಿಜವಾದ ಬದಲಾವಣೆ ಆದದ್ದು ಜ್ಞಾನಭಾರತಿಯಲ್ಲಿ. ಸಾವಿರಕ್ಕೂ ಹೆಚ್ಚು ಎಕರೆಯ ಆ ಆವರಣಕ್ಕೆ ವಿಶ್ವವಿದ್ಯಾಲಯ 1970ರ ದಶಕದಲ್ಲಿ ಹರಡಿಕೊಂಡಿತು. 1966ರಲ್ಲಿ ಬೆಂಗಳೂರಿಗೆ ಬಂದ ಜಿ.ಎಸ್. ಶಿವರುದ್ರಪ್ಪನವರು ಅಲ್ಲಿ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಹಳ್ಳಿಗಳಿಂದ, ಅದರಲ್ಲೂ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಕುಟುಂಬಗಳಿಂದ ಬಂದ ಒಂದು ಪೀಳಿಗೆ ಇಲ್ಲಿ ಎಂ.ಎ. ಓದಿತು, ಇಲ್ಲಿಯೇ ಪಾಠ ಹೇಳಿತು. ಬರಗೂರಿನಲ್ಲಿ 1946ರಲ್ಲಿ ಹುಟ್ಟಿ, ಊರಿನ ಹೆಸರನ್ನೇ ಸಾಹಿತ್ಯಲೋಕದ ಗುರುತಾಗಿಸಿಕೊಂಡ ಬರಗೂರು ರಾಮಚಂದ್ರಪ್ಪನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 1979ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆಯ ಸಂಸ್ಥಾಪಕ ಸಂಚಾಲಕರೂ ಅವರೇ. 2016ರ ಡಿಸೆಂಬರ್‌ನಲ್ಲಿ ರಾಯಚೂರಿನಲ್ಲಿ ನಡೆದ 82ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಬಂಡಾಯವನ್ನು ಸಾಹಿತ್ಯ ಚರಿತ್ರೆಯ ಘಟ್ಟವಾಗಿ ನೋಡುವುದು ರೂಢಿ. ಉನ್ನತ ಶಿಕ್ಷಣದ ಚರಿತ್ರೆಯಲ್ಲೂ ಅದಕ್ಕೊಂದು ಜಾಗವಿದೆ. 1973ರ ಬೂಸಾ ಪ್ರಕರಣದ ಕಾವು ಕಾಲೇಜು, ಹಾಸ್ಟೆಲುಗಳನ್ನು ತಟ್ಟಿತು; ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಎಂಬ ಮಾತನ್ನಾಡಿದ ಸಚಿವ ಬಿ. ಬಸವಲಿಂಗಪ್ಪನವರ ಪರ, ವಿರೋಧ ನಿಂತವರಲ್ಲಿ ವಿದ್ಯಾರ್ಥಿಗಳದೇ ದೊಡ್ಡ ಪಾಲು. ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟಿತು. ತರಗತಿಯಲ್ಲಿ ಕೂತವರ ಹಿನ್ನೆಲೆ ಬದಲಾದಂತೆ ಪಠ್ಯದ ಬಗ್ಗೆ ಕೇಳುವ ಪ್ರಶ್ನೆಯೂ ಬದಲಾಯಿತು. ಉತ್ತರ ತಾಲ್ಲೂಕುಗಳ ಹುಡುಗರು ಓದಲು ಹೋದ ಕಾಲೇಜುಗಳಲ್ಲೇ ಈ ಚರ್ಚೆ ನಡೆಯುತ್ತಿತ್ತು, ಅವರು ಅದರ ಕೇಳುಗರಷ್ಟೇ ಆಗಿರಲಿಲ್ಲ.

ವಿಶ್ವವಿದ್ಯಾಲಯ ಹಳ್ಳಿಗೆ ಬರುವ ರೀತಿಯೂ ಈ ಹೊತ್ತಿಗೆ ಮಾರ್ಪಟ್ಟಿತ್ತು. ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ ದೇಶದ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಗಿ ಎಲ್ಲೆಡೆ ಹಬ್ಬಿತು. ಎನ್ನೆಸ್ಸೆಸ್ ಕ್ಯಾಂಪೆಂದರೆ ಹಳ್ಳಿಯ ಶಾಲೆಯಲ್ಲಿ ಒಂದು ವಾರದ ವಾಸ, ಬೆಳಿಗ್ಗೆ ಶ್ರಮದಾನ, ಸಂಜೆ ಊರವರ ಮುಂದೆ ಭಾಷಣ, ನಾಟಕ. ಪ್ರಚಾರೋಪನ್ಯಾಸದ ಕಾಲದಲ್ಲಿ ಪ್ರಾಧ್ಯಾಪಕ ಬರುತ್ತಿದ್ದ ಜಾಗಕ್ಕೆ ಈಗ ವಿದ್ಯಾರ್ಥಿ ಬಂದ. ಆ ವಿದ್ಯಾರ್ಥಿಗಳಲ್ಲಿ ಅನೇಕರು ತಾವೇ ಅಂಥ ಹಳ್ಳಿಯವರು. ಊರಿನವರಿಗೆ ಅವರು ಹೇಳಬೇಕಾದದ್ದಕ್ಕಿಂತ ಊರಿನಿಂದ ಕಾಲೇಜಿಗೆ ತಿಳಿಸಬೇಕಾದದ್ದೇ ಹೆಚ್ಚಿತ್ತು. ಹಾಗೆ ತಿಳಿಸುವ ದಾರಿಯನ್ನು ಕ್ಯಾಂಪಿನ ವರದಿಯ ನಮೂನೆಯೊಳಗೆ ಯಾರೂ ಕಲ್ಪಿಸಿರಲಿಲ್ಲ.

4. ತುಮಕೂರಿನ ಕಾಲ

ಮೂರನೆಯ ಹಂತ 2004ರದು. ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ತುಮಕೂರು ವಿಶ್ವವಿದ್ಯಾಲಯ ಹುಟ್ಟಿತು. ಇಡೀ ತುಮಕೂರು ಜಿಲ್ಲೆ ಅದರ ವ್ಯಾಪ್ತಿ, ಓ. ಅನಂತರಾಮಯ್ಯ ಮೊದಲ ಕುಲಪತಿ. ತುಮಕೂರಿನ ಹಳೆಯ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜುಗಳು ವಿಶ್ವವಿದ್ಯಾಲಯದ ಘಟಕ ಕಾಲೇಜುಗಳಾದವು. ಬಿ.ಎಚ್. ರಸ್ತೆಯ ಆವರಣದಲ್ಲಿ ಪದವಿ ತರಗತಿ, ಸ್ನಾತಕೋತ್ತರ ವಿಭಾಗ, ಪರೀಕ್ಷಾ ವಿಭಾಗ, ಕುಲಪತಿಗಳ ಕಚೇರಿ ಎಲ್ಲವೂ ಒತ್ತೊತ್ತಾಗಿ ಸೇರಿದವು. ಜ್ಞಾನಭಾರತಿಯಂತೆ, ಮೈಸೂರಿನ ಮಾನಸಗಂಗೋತ್ರಿಯಂತೆ ಖಾಲಿ ನೆಲದ ಮೇಲೆ ರೂಪಿಸಿದ ಆವರಣವಲ್ಲ ಇದು. ಪೇಟೆ ನಡುವಿನ ಕಾಲೇಜೇ ವಿಶ್ವವಿದ್ಯಾಲಯವಾಗಿ ಏರಿದ್ದು.

ಅದರ ಕನ್ನಡ ವಿಭಾಗಕ್ಕೆ ಡಿ.ವಿ. ಗುಂಡಪ್ಪನವರ ಹೆಸರಿದೆ. ಕಾಲೇಜು ಪದವಿಯಿಲ್ಲದೆ ವಿದ್ವಾಂಸರಾದವರೊಬ್ಬರ ಹೆಸರಿನ ಕೇಂದ್ರದಲ್ಲಿ ಮನೆತನದ ಮೊದಲ ಪದವೀಧರರು ಎಂ.ಎ. ಓದುತ್ತಾರೆ. ಡಿವಿಜಿಯವರಿಗೆ ಪುಸ್ತಕ, ಪತ್ರಿಕೆ, ಸಂಗಡಿಗರು ವಿಶ್ವವಿದ್ಯಾಲಯದ ಕೆಲಸ ಮಾಡಿದರು. ಅಂಥ ಬಳಗ ಹುಟ್ಟಿನಿಂದ ದೊರಕದವರಿಗೆ ಸಂಸ್ಥೆಯೇ ಆಸರೆ; ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಕೆ ಎಂದು ಕೇಳುವವರು ಈ ವ್ಯತ್ಯಾಸವನ್ನು ನೆನಪಿಡಬೇಕು.

2004ರಲ್ಲಿ ಹುಟ್ಟಿದ ಸಂಸ್ಥೆಯ ಪಾಲಿಗೆ ಬಂದ ವಿಷಯಗಳ ಎಲ್ಲೆಯನ್ನೂ ಗಮನಿಸಬೇಕು. ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನಗಳು 1996ರಲ್ಲೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗಿದ್ದವು. ಎಂಜಿನಿಯರಿಂಗ್ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋಯಿತು. ಜಿಲ್ಲಾ ವಿಶ್ವವಿದ್ಯಾಲಯಕ್ಕೆ ಮುಖ್ಯವಾಗಿ ಉಳಿದದ್ದು ಕಲೆ, ವಾಣಿಜ್ಯ, ಮೂಲ ವಿಜ್ಞಾನ, ಬಿ.ಎಡ್. ಹಳೆಯ ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳು ಎಲ್ಲ ವಿದ್ಯೆಗಳನ್ನೂ ಒಂದೇ ಮೊಹರಿನಡಿ ಇಟ್ಟುಕೊಂಡಿದ್ದವು. ಆ ಗಂಟು ಬಿಚ್ಚಿ ಹಂಚಿದ ಮೇಲೆ ಜಿಲ್ಲೆಗೆ ವಿಶ್ವವಿದ್ಯಾಲಯ ಬಂತು. ಯಾರು ಓದುತ್ತಾರೆ ಎಂಬುದು ಬದಲಾಗಿಯೂ ಏನು ಓದುತ್ತಾರೆ ಎಂಬುದು ಹಿಂದೆ ಉಳಿಯಲು ಇದೊಂದು ಕಾರಣ.

ತಾಲ್ಲೂಕುಗಳ ಮಟ್ಟಿಗೆ ಮಾತ್ರ ದೊಡ್ಡ ಬದಲಾವಣೆ ತಂದದ್ದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕರಲ್ಲೂ ಅವು ಇವೆ, ಬರಗೂರಿನಲ್ಲೂ ಇದೆ. ಎಂಬತ್ತು ವರ್ಷ ಹಿಂದೆ ಇಂಟರ್‌ಮೀಡಿಯೆಟ್‌ಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಿದ್ದ ಸೀಮೆಯಲ್ಲಿ ಹಳ್ಳಿಯೊಂದರಲ್ಲೇ ಪದವಿ ಪಡೆಯುವಂತಾಯಿತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು. ಮಧುಗಿರಿ, ಶಿರಾ, ಪಾವಗಡ ಆ 39ರಲ್ಲಿ ಸೇರಿವೆ. ಆ ಪಟ್ಟಿಯ ಹಿನ್ನೆಲೆಯಲ್ಲಿ ನೋಡಿದರೆ ಬರಗೂರಿನ ಕಾಲೇಜಿನಂಥ ಸಣ್ಣ ಕಾಲೇಜಿನ ತೂಕ ಅರಿವಾಗುತ್ತದೆ.

5. ಹಾಸ್ಟೆಲ್ ಎಂಬ ಆಕರ

ಉತ್ತರ ತಾಲ್ಲೂಕುಗಳಿಂದ ತುಮಕೂರಿಗೆ ಓದಲು ಬಂದವರ ಚರಿತ್ರೆಯಲ್ಲಿ ತರಗತಿಗಿಂತ ಮೊದಲು ಬರುವುದು ಊಟ ಮತ್ತು ಮಲಗುವ ಜಾಗ. ಸಿದ್ಧಗಂಗಾ ಮಠದಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಮುಂದೆ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಮಠದ ಉಚಿತ ವಿದ್ಯಾರ್ಥಿನಿಲಯ ಸಾವಿರಾರು ಮಕ್ಕಳ ಮನೆಯಾಯಿತು, ಜಾತಿ ಮತ ಕೇಳದೆ ಅನ್ನ ಹಾಕಿತು. ಎಚ್.ಎಂ. ಗಂಗಾಧರಯ್ಯನವರು 1959ರಲ್ಲಿ ಕಟ್ಟಿದ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಗ್ರಾಮೀಣ ವಸತಿ ಶಾಲೆಯ ಮೂಲಕ ದಲಿತ, ಬಡ ಕುಟುಂಬಗಳ ಮಕ್ಕಳಿಗೆ ದಾರಿಯಾಯಿತು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಬಿಸಿಎಂ ಹಾಸ್ಟೆಲ್, ಸಮುದಾಯಗಳ ವಿದ್ಯಾರ್ಥಿನಿಲಯಗಳು ಈ ಸಾಲಿಗೆ ಸೇರಿದವು.

ವಿಶ್ವವಿದ್ಯಾಲಯದ ದಾಖಲೆಯಲ್ಲಿ ವಿದ್ಯಾರ್ಥಿ ಒಂದು ನೋಂದಣಿ ಸಂಖ್ಯೆ. ಹಾಸ್ಟೆಲಿನ ದಾಖಲಾತಿ ಪುಸ್ತಕದಲ್ಲಿ ಅದೇ ವಿದ್ಯಾರ್ಥಿಗೆ ಊರು, ಜಾತಿ, ತಂದೆಯ ಕಸುಬು, ವಾರ್ಷಿಕ ವರಮಾನ, ಹಿಂದೆ ಓದಿದ ಶಾಲೆ ಇರುತ್ತವೆ. ಯಾವ ತಿಂಗಳು ಹಾಜರಿ ಇಳಿಯಿತು ಎಂಬುದನ್ನು ಕಡಲೆಕಾಯಿ ಕೀಳುವ ಕಾಲದೊಂದಿಗೂ, ಯಾವ ವರ್ಷ ಹುಡುಗರು ಓದು ಬಿಟ್ಟರು ಎಂಬುದನ್ನು ಬರಗಾಲದ ವರ್ಷದೊಂದಿಗೂ ಹೋಲಿಸಲು ಸಾಧ್ಯವಾಗುವುದು ಇಂಥ ಪುಸ್ತಕಗಳಿಂದ. ಕಾಲೇಜುಗಳ ವಾರ್ಷಿಕ ಸಂಚಿಕೆಗಳನ್ನೂ ಇದರ ಜೊತೆ ಓದಬೇಕು. ಪ್ರಾಂಶುಪಾಲರ ವರದಿ, ಕ್ರೀಡಾಪಟುಗಳ ಗುಂಪುಚಿತ್ರ, ವಿದ್ಯಾರ್ಥಿಗಳ ಮೊದಲ ಕವಿತೆ ಒಂದೇ ಹೊದಿಕೆಯೊಳಗೆ ಸಿಗುವ ಈ ಸಂಚಿಕೆಗಳಲ್ಲಿ ಆವರಣದ ದಿನಚರಿ ಯಾರೂ ಉದ್ದೇಶಿಸದೆಯೇ ಉಳಿದುಕೊಂಡಿರುತ್ತದೆ. ರದ್ದಿಗೆ ಹೋಗುವ ಮುಂಚೆ ಇವನ್ನು ಪ್ರತಿ ಮಾಡಿಟ್ಟುಕೊಳ್ಳುವುದು ಜಿಲ್ಲಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಹಮ್ಮಿಕೊಳ್ಳಬಹುದಾದ, ಹೆಚ್ಚು ಖರ್ಚಿಲ್ಲದ ಕೆಲಸ.

6. ಬಸ್ಸು ಮತ್ತು ಆವರಣದ ದಿನಚರಿ

ಜಿಲ್ಲೆಯಲ್ಲಿ ರೈಲು ಹಾದುಹೋದದ್ದು ತುಮಕೂರು, ಗುಬ್ಬಿ, ತಿಪಟೂರಿನ ಕಡೆಗೆ. ಉತ್ತರದ ನಾಲ್ಕು ತಾಲ್ಲೂಕು ಕೇಂದ್ರಗಳು ಬಹುಕಾಲ ಬಸ್ಸನ್ನೇ ನಂಬಿಕೊಂಡವು. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗುವ ತುಮಕೂರು-ರಾಯದುರ್ಗ ಮಾರ್ಗ, ಶಿರಾ ಮೇಲೆ ಹೋಗುವ ತುಮಕೂರು-ದಾವಣಗೆರೆ ಮಾರ್ಗ ದಶಕಗಳಿಂದ ಮಾತಿನಲ್ಲೂ ಕಾಮಗಾರಿಯಲ್ಲೂ ಇವೆ. ಹೀಗಾಗಿ ಆವರಣದ ಬದುಕಿನ ಗಡಿಯಾರ ಕೆಎಸ್ಆರ್‌ಟಿಸಿ ಬಸ್ಸಿನ ಸಮಯಪಟ್ಟಿ. ಕೊರಟಗೆರೆಯವರು ದಿನಾ ಹೋಗಿ ಬರಬಹುದು. ಶಿರಾ, ಮಧುಗಿರಿ ಪಟ್ಟಣದವರು ಪ್ರಯತ್ನಪಟ್ಟರೆ ಹೋಗಿ ಬರಬಹುದು. ಬರಗೂರಿನಂಥ ಒಳನಾಡಿನವರಿಗೆ ಮೊದಲು ಶಿರಾ, ಅಲ್ಲಿಂದ ತುಮಕೂರು ಎಂದು ಎರಡು ಬಸ್ಸು. ಪಾವಗಡದವರಿಗೆ ತುಮಕೂರಿನಲ್ಲಿ ಉಳಿಯದೆ ವಿಧಿಯಿಲ್ಲ.

ಇದರ ಪರಿಣಾಮ ಮೂರು ಕಡೆ ಕಾಣುತ್ತದೆ. ಮೊದಲನೆಯದು ಗ್ರಂಥಾಲಯ. ಕೊನೆಯ ಪೀರಿಯಡ್ ಮುಗಿದೊಡನೆ ಬಸ್ ನಿಲ್ದಾಣಕ್ಕೆ ಓಡುವ ವಿದ್ಯಾರ್ಥಿಗೆ ಸಂಜೆ ಗ್ರಂಥಾಲಯ ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಎರಡನೆಯದು ಸಾಂಸ್ಕೃತಿಕ ಬದುಕು. ನಾಟಕದ ತಾಲೀಮು, ವಿಚಾರ ಸಂಕಿರಣದ ಕೊನೆಯ ಗೋಷ್ಠಿ, ಸಂಜೆಯ ಹರಟೆ ಇವು ಹಾಸ್ಟೆಲಿನಲ್ಲಿ ಇರುವವರ ಪಾಲು. ಒಂದೇ ತರಗತಿಯೊಳಗೆ ಉಳಿಯುವವರು, ಹೋಗಿ ಬರುವವರು ಎಂಬ ಎರಡು ವಿಶ್ವವಿದ್ಯಾಲಯಗಳಿವೆ. ಮೂರನೆಯದು ಹಸಿವು. ನಸುಕಿನ ಬಸ್ಸು ಹಿಡಿಯಲು ಮನೆ ಬಿಟ್ಟವರು ತಿಂಡಿ ತಿಂದಿರುವುದಿಲ್ಲ, ಬುತ್ತಿ ಕಟ್ಟಲು ಹೊತ್ತಾಗಿರುವುದಿಲ್ಲ. ತುಮಕೂರು ವಿಶ್ವವಿದ್ಯಾಲಯ 2023ರಲ್ಲಿ ದಾನಿಗಳ ನೆರವಿನಿಂದ ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ಊಟ ಆರಂಭಿಸಿತು. ಬಿಸಿಯೂಟವೆಂದರೆ ಪ್ರಾಥಮಿಕ, ಪ್ರೌಢಶಾಲೆಗೆ ಸಂಬಂಧಿಸಿದ್ದೆಂಬ ತಿಳಿವಳಿಕೆಯನ್ನು ಈ ನಡೆ ಮೀರಿತು. ವಿಶ್ವವಿದ್ಯಾಲಯವೊಂದು ತನ್ನ ವಿದ್ಯಾರ್ಥಿಗಳು ಎಲ್ಲಿಂದ, ಎಷ್ಟು ಹೊತ್ತಿಗೆ ಹೊರಟು ಬರುತ್ತಾರೆ ಎಂಬುದನ್ನು ಒಪ್ಪಿಕೊಂಡ ಕ್ರಮವಾಗಿ ಇದು ಚರಿತ್ರೆಗೆ ಸೇರಬೇಕು.

ಅದೇ ವರ್ಷ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಯಾಯಿತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಹೆಣ್ಣುಮಕ್ಕಳ ಓದು ಪಾಸಿನ ಹಣದ ಮೇಲೊಂದೇ ನಿಂತಿರಲಿಲ್ಲ. ಕತ್ತಲಾಗುವ ಮುಂಚೆ ಮನೆ ಸೇರಬಹುದೇ ಎಂಬುದು ಅದಕ್ಕಿಂತ ಹಳೆಯ, ಗಟ್ಟಿಯಾದ ಪ್ರಶ್ನೆ. ಊರ ಬಳಿಯ ಸರ್ಕಾರಿ ಕಾಲೇಜು ಈ ಪ್ರಶ್ನೆಗೆ ಉತ್ತರ ಕೊಟ್ಟದ್ದರಿಂದಲೇ ಅಲ್ಲಿ ಹುಡುಗಿಯರು ಬಂದು ಸೇರಿದರು. ಪದವಿ ಮುಗಿಸಿ ಎಂ.ಎ., ಎಂ.ಎಸ್ಸಿ. ಎಂದಾಗ ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಪೇಟೆಯ ಇಕ್ಕಟ್ಟಿನಿಂದ ಬಿಡುಗಡೆಗಾಗಿ ವಿಶ್ವವಿದ್ಯಾಲಯ ಬಿದರಕಟ್ಟೆಯಲ್ಲಿ 'ಜ್ಞಾನಸಿರಿ' ಎಂಬ ಹೊಸ ಆವರಣ ಕಟ್ಟಿತು. ಪ್ರಯೋಗಾಲಯಕ್ಕೆ, ಮೈದಾನಕ್ಕೆ, ಮುಂದಿನ ವಿಭಾಗಗಳಿಗೆ ಜಾಗ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಊರ ಹೊರಗಿನ ಆವರಣವೆಂದರೆ ಉತ್ತರದಿಂದ ಬರುವವರಿಗೆ ತುಮಕೂರಿನಲ್ಲಿಳಿದು ಇನ್ನೊಂದು ಬಸ್ಸು. ಎಕರೆ ಹೆಚ್ಚಾದಂತೆ ದಾರಿಯೂ ಹೆಚ್ಚಾಗುವುದು ಜ್ಞಾನಭಾರತಿಯ ಕಾಲದಿಂದಲೂ ಕಂಡ ಸಂಗತಿ. ಹಾಸ್ಟೆಲ್ ಮತ್ತು ಬಸ್ಸಿನ ವ್ಯವಸ್ಥೆ ಕಟ್ಟಡಗಳ ಜೊತೆಯಲ್ಲೇ ಬೆಳೆದರೆ ಮಾತ್ರ ಹೊಸ ಆವರಣ ಎಲ್ಲರದೂ ಆಗುತ್ತದೆ.

7. ಗಡಿಯಾಚೆಯ ಹೋಲಿಕೆ

ಬರಗೂರಿಗೆ ಆಂಧ್ರದ ಗಡಿ ದೂರವಿಲ್ಲ. ಅಮರಾಪುರ, ಹೇಮಾವತಿ, ಮಡಕಶಿರಾ ಸೀಮೆಯ ಕನ್ನಡ ಈ ಕಡೆಯ ಕನ್ನಡಕ್ಕಿಂತ ಬೇರೆಯಲ್ಲ. ನೆಂಟಸ್ತನ, ಸಂತೆ, ಜಾತ್ರೆ ಎರಡೂ ಕಡೆಗೆ ಹಬ್ಬಿವೆ. ಉನ್ನತ ಶಿಕ್ಷಣದ ದಾರಿಗಳು ಮಾತ್ರ ಬೇರೆಯಾದವು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ 1916ರಲ್ಲೇ ಅನಂತಪುರದಲ್ಲಿ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜು ಆರಂಭವಾಯಿತು. ಮುಂದೆ ಆ ಕಡೆಯವರಿಗೆ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ, 1981ರಿಂದ ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ. ಜಿಲ್ಲೆಯ ಹತ್ತಿರ ವಿಶ್ವವಿದ್ಯಾಲಯ ಬಂದದ್ದು ಅಲ್ಲಿ ತುಮಕೂರಿಗಿಂತ ಎರಡು ದಶಕ ಮುಂಚೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಡಕಶಿರಾದ ವಿದ್ಯಾರ್ಥಿಗೆ ಕಾಲೇಜಿನ ಹೊಸ್ತಿಲಲ್ಲೇ ಭಾಷೆ ಬದಲಾಗುತ್ತದೆ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಲ್ಲಿ ಮನೆಮಾತು ತೆಲುಗಾದವರು ಕನ್ನಡದಲ್ಲಿ ಪದವಿ ಓದುತ್ತಾರೆ, ಗಡಿಯಾಚೆ ಮನೆಮಾತು ಕನ್ನಡವಾದವರು ತೆಲುಗು, ಇಂಗ್ಲಿಷಿನಲ್ಲಿ ಓದುತ್ತಾರೆ. ಮೈಲಿಯ ಲೆಕ್ಕದ ಸಾಮೀಪ್ಯ ಒಂದು, ಮಾತಿನ ಲೆಕ್ಕದ ಸಾಮೀಪ್ಯ ಇನ್ನೊಂದು ಎಂಬುದಕ್ಕೆ ಈ ಗಡಿಸೀಮೆಯಷ್ಟು ಒಳ್ಳೆಯ ಅಧ್ಯಯನ ಕ್ಷೇತ್ರ ಬೇರೆ ಬೇಕಿಲ್ಲ.

8. ಅಧ್ಯಯನದ ವಸ್ತುವಾದ ಸೀಮೆ

ಈ ತಾಲ್ಲೂಕುಗಳು ವಿದ್ಯಾರ್ಥಿಗಳನ್ನು ಕಳಿಸುವ ಮುಂಚೆಯೇ ವಿದ್ವಾಂಸರಿಗೆ ಸಾಮಗ್ರಿ ಒದಗಿಸಿದ್ದವು. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ 12ನೆಯ ಸಂಪುಟ, ತುಮಕೂರು ಜಿಲ್ಲೆಯದು, 1904ರಲ್ಲಿ ಪ್ರಕಟವಾಯಿತು. ನೊಳಂಬರ ರಾಜಧಾನಿ ಹೆಂಜೇರು ಇಂದಿನ ಹೇಮಾವತಿ; ಆ ಮನೆತನದ ಚರಿತ್ರೆಯನ್ನು ಈ ಸೀಮೆಯ ಶಾಸನಗಳನ್ನು ಬಿಟ್ಟು ಬರೆಯಲಾಗದು. ಮೊಗಲರ ಕಾಲದಲ್ಲಿ ಸುಬೆಯ ಕೇಂದ್ರವಾಗಿದ್ದ ಶಿರಾದ ಮಲಿಕ್ ರಿಹಾನ್ ಗೋರಿ, ಜುಮ್ಮಾ ಮಸೀದಿ, ಮಧುಗಿರಿಯ ಏಕಶಿಲಾ ಕೋಟೆ ಇತಿಹಾಸ ವಿಭಾಗಗಳಿಗೆ ಮುಗಿಯದ ವಸ್ತು. ಜಾನಪದದಲ್ಲಿ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಈ ನೆಲದ್ದು, ತೀ.ನಂ. ಶಂಕರನಾರಾಯಣರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಕುರಿತು ವಿಸ್ತಾರವಾಗಿ ಸಂಶೋಧನೆ ಮಾಡಿದರು. ಈಚೆಗೆ ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಭೌತವಿಜ್ಞಾನಕ್ಕೂ ಅರ್ಥಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಸಮಾನವಾಗಿ ಒದಗುವ ವಿಷಯ. ಜಮೀನು ಗುತ್ತಿಗೆಗೆ ಕೊಟ್ಟ ರೈತ ಕುಟುಂಬದ ಮಕ್ಕಳು ಈಗ ಏನು ಓದುತ್ತಿದ್ದಾರೆ ಎಂಬ ಒಂದು ಪ್ರಶ್ನೆ ಸಾಕು, ಮೂರು ವಿಭಾಗಗಳು ಕೂಡಿ ಕೆಲಸ ಮಾಡಲು.

ರೈಸ್ ಅವರ ಕಾಲದಲ್ಲಿ ಶಾಸನದ ಪಡಿಯಚ್ಚು ತೆಗೆದವರು ಹೊರಗಿನಿಂದ ಬಂದರು. ಗೊಲ್ಲರಹಟ್ಟಿಯಲ್ಲಿ ಹುಟ್ಟಿ ಬೆಳೆದವರು ಜುಂಜಪ್ಪನ ಬಗ್ಗೆ ಪಿಎಚ್.ಡಿ. ಮಾಡುವುದು, ಶಿರಾದವರು ಶಿರಾದ ಗೋರಿಯ ಬಗ್ಗೆ ಬರೆಯುವುದು ಸಾಧ್ಯವಾಗುವುದು ವಿಶ್ವವಿದ್ಯಾಲಯ ಬಸ್ಸಿನ ದಾರಿಯಷ್ಟು ಹತ್ತಿರವಿದ್ದಾಗ. ಮನೆಯಲ್ಲಿದ್ದುಕೊಂಡೇ ಕ್ಷೇತ್ರಕಾರ್ಯ ಮಾಡುವ ಸಂಶೋಧಕನಿಗೆ ತನ್ನವರ ಬಗ್ಗೆ ನಿಷ್ಠುರವಾಗಿ ಬರೆಯುವ ಕಷ್ಟವೂ ಇದೆ. ಅದನ್ನು ಕಲಿಸುವುದು ಮಾರ್ಗದರ್ಶಕರ ಕೆಲಸ.

9. ಫಲಿತ

ರಾಜ್ಯದಲ್ಲಿ 2023ರ ಸುಮಾರಿಗೆ ಹಲವು ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ತೆರೆದವು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತನ್ನು ಮುಚ್ಚುವ ಮಾತಾಡಿತು. ಹಣ, ಭೂಮಿ, ಬೋಧಕರ ಕೊರತೆ ಅದಕ್ಕೆ ಕೊಟ್ಟ ಕಾರಣ. ನಾಲ್ಕು ವರ್ಷದ ಪದವಿ 2021ರಲ್ಲಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕಿಳಿದ ಗೊಂದಲವನ್ನೂ ಈ ಸಂಸ್ಥೆಗಳು ಉಂಡವು. ಈ ಚರ್ಚೆಯಲ್ಲಿ ತುಮಕೂರಿನ ಇಪ್ಪತ್ತು ವರ್ಷಗಳ ಅನುಭವಕ್ಕೆ ಬೆಲೆಯಿದೆ. ವಿಭಾಗಗಳ ಸಂಖ್ಯೆಯಿಂದ, ಎಕರೆಯಿಂದ ಅಳೆದರೆ ಜಿಲ್ಲಾ ವಿಶ್ವವಿದ್ಯಾಲಯ ಮೈಸೂರಿನ ಮುಂದೆ, ಬೆಂಗಳೂರಿನ ಮುಂದೆ ಚಿಕ್ಕದಾಗಿಯೇ ಕಾಣುತ್ತದೆ. ಅಲ್ಲಿ ಕೂತು ಓದಿದವರು ಇದಿಲ್ಲದಿದ್ದರೆ ಎಲ್ಲಿರುತ್ತಿದ್ದರು ಎಂದು ಕೇಳಿದರೆ ಅಳತೆ ಬೇರೆಯಾಗುತ್ತದೆ.

ಈ ಟಿಪ್ಪಣಿಯಿಂದ ಎರಡು ಸೂಚನೆಗಳನ್ನು ಮುಂದಿಡಬಹುದು. ಒಂದು, ಜಿಲ್ಲಾ ವಿಶ್ವವಿದ್ಯಾಲಯದ ಚರಿತ್ರೆಯನ್ನು ಸಂಯೋಜಿತ ಕಾಲೇಜು, ಹಾಸ್ಟೆಲ್, ಸಾರಿಗೆ ಮೂರರ ದಾಖಲೆಗಳನ್ನು ಸೇರಿಸಿ ಬರೆಯಬೇಕು. ತಾಲ್ಲೂಕು ಕಾಲೇಜಿನ ಇತಿಹಾಸ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲಸಕ್ಕೆ ತಕ್ಕವರು. ಎರಡು, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೇ ಸ್ನಾತಕೋತ್ತರ ತರಗತಿ ನಡೆಸುವ ಪದ್ಧತಿ ರಾಜ್ಯದಲ್ಲಿ ಈಗಾಗಲೇ ಬೆಳೆದಿದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಅದನ್ನು ವಾಣಿಜ್ಯ, ಕಲೆಗಳಾಚೆ ವಿಜ್ಞಾನಕ್ಕೂ ಗಟ್ಟಿಯಾಗಿ ಹಬ್ಬಿಸಿದರೆ, ಬರಗೂರಿನಲ್ಲಿ ಪದವಿ ಮುಗಿಸಿದ ಹುಡುಗಿಗೆ ಎಂ.ಎಸ್ಸಿ. ಓದಲು ಮನೆ ಬಿಡಬೇಕೆ ಎಂಬ ಪ್ರಶ್ನೆ ಎದುರಾಗದು. ಯಾರು ಓದುತ್ತಾರೆ ಎಂಬುದನ್ನು ಬದಲಾಯಿಸಲು ನೂರು ವರ್ಷ ಹಿಡಿಯಿತು. ಏನು ಓದಬಹುದು ಎಂಬುದನ್ನು ಬದಲಾಯಿಸಲು ಇನ್ನೊಂದು ವಿಶ್ವವಿದ್ಯಾಲಯ ಬೇಕಿಲ್ಲ; ಇರುವ ಕಾಲೇಜಿಗೆ ಪ್ರಯೋಗಾಲಯ, ಕಾಯಂ ಅಧ್ಯಾಪಕರು, ಕತ್ತಲಾಗುವ ಮುಂಚೆ ಊರು ಮುಟ್ಟಿಸುವ ಒಂದು ಬಸ್ಸು ಸಾಕು.